ಮೂರೂಕಾಲಿನ ದೀರ್ಘ

ಕಂಪ್ಲಿಯ ನಮ್ಮ ಮನೆಯಲ್ಲಿ ಟೀವಿಯ ಪಕ್ಕ ಐದು ಕಪ್‌ಗಳಿವೆ. ಎಲ್ಲವೂ ಚರ್ಚಾ ಸ್ಪರ್ಧೆಗಳಲ್ಲಿ ನಾನು ಗೆದ್ದವು. ನಾಲ್ಕರ ಕಥೆಯನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಐದನೆಯದು, ಎಲ್ಲಕ್ಕಿಂತ ಎತ್ತರದ್ದು, ಹೊಸಪೇಟೆಯ ಒಂದು ಕಾಲೇಜಿನಲ್ಲಿ ಬಂದದ್ದು. ಅದರ ಮಾತು ಬಂದರೆ ನೀರು ಕುಡಿಯಲು ಎದ್ದು ಒಳಗೆ ಹೋಗುತ್ತೇನೆ. ಶುಕ್ರವಾರಕ್ಕೊಮ್ಮೆ ಆ ಕಪ್‌ಗಳ ಧೂಳು ಒರೆಸುತ್ತಿದ್ದವರು ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಐದನೆಯದು ನನಗೆ ಬಂದದ್ದು ಅವರಿಂದಲೇ.

ಅತ್ತಿಗೆಯ ತವರು ಮೆಟ್ರಿ. ನೀರಾವರಿ ಗದ್ದೆ, ಎಮ್ಮೆ, ಕೈತುಂಬ ಕೆಲಸ ಇರುವ ಮನೆ. ಹತ್ತನೇ ತರಗತಿಯಲ್ಲಿ ಐದು ವಿಷಯ ಪಾಸಾಗಿ ಗಣಿತ ಒಂದರಲ್ಲಿ ಉಳಿದಿದ್ದರು. ಮದುವೆಯಾಗಿ ನಮ್ಮ ಮನೆಗೆ ಬಂದಮೇಲೆ ಆ ಮಾತು ಅಲ್ಲಿಗೇ ನಿಂತಿತ್ತು. ಅಣ್ಣನಿಗೆ ಕುರೆಕುಪ್ಪದ ಹತ್ತಿರ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಅಲ್ಲೇ ಒಂದು ರೂಮು ಮಾಡಿಕೊಂಡು ರಜೆ ಇದ್ದಾಗ ಕಂಪ್ಲಿಗೆ ಬರುತ್ತಿದ್ದ. ಹೀಗಿರುವಾಗ ಸಂಡೂರಿನಲ್ಲಿ ಆಸ್ಪತ್ರೆ ಸಹಾಯಕಿಯರ ತರಬೇತಿ ಶುರುವಾಗುವ ಸುದ್ದಿ ಬಂತು. ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಅತ್ತಿಗೆ ಮನಸ್ಸಿನಲ್ಲೇ ಎಲ್ಲ ಜೋಡಿಸಿಟ್ಟಿದ್ದರು. ಪಾಸಾದರೆ ಕುರೆಕುಪ್ಪಕ್ಕೆ ಹೋಗಿ ಅಣ್ಣನ ಜೊತೆ ಇರುವುದು, ಅಲ್ಲಿಂದ ದಿನಾ ಬಸ್ಸಿನಲ್ಲಿ ಸಂಡೂರಿಗೆ ಹೋಗಿಬರುವುದು. ಪಾಸಾಗದಿದ್ದರೆ ಇದೇ ಮನೆ, ಇದೇ ರೊಟ್ಟಿ, ಇದೇ ಕಪ್‌ಗಳ ಧೂಳು. ಒಂದೇ ಒಂದು ಪೇಪರು ನಡುವೆ ನಿಂತಿತ್ತು.

“ನೀ ಹೇಳಿಕೊಡ್ತೀಯೇನವಾ ಲಾಯರಮ್ಮ?” ಎಂದು ಕೇಳಿದರು. ಯಾವುದಕ್ಕೂ ವಾದ ಹೂಡುತ್ತೇನೆಂದು ನನಗೆ ಅವರಿಟ್ಟ ಹೆಸರು ಅದು. ಮನೆಯಲ್ಲಿ ಅವ್ವ ನಿಂಬೆಹಣ್ಣು ಕಟ್ಟಿದರೂ, ಅಣ್ಣ ಮಂಗಳವಾರ ಕ್ಷೌರ ಬೇಡವೆಂದರೂ, ನಾನು ಕೇಳುತ್ತಿದ್ದದ್ದು ಒಂದೇ: “ಪುರಾವೆ ಏನೈತಿ?”

ನಾನು ಒಪ್ಪಿಕೊಂಡೆ. ಬುಡದಿಂದಲೇ ಶುರು ಮಾಡೋಣ ಅಂದೆ. ಮಗ್ಗಿ, ಭಾಗಾಕಾರ, ಭಿನ್ನರಾಶಿ, ಶೇಕಡಾ. ತಳ ಗಟ್ಟಿಯಾದರೆ ಮೇಲಿನದು ತಾನೇ ನಿಲ್ಲುತ್ತದೆ ಎಂದು ಭಾಷಣವನ್ನೂ ಮಾಡಿದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅತ್ತಿಗೆ ನೋಟ್‌ಬುಕ್ ಹಿಡಿದು ಪಡಸಾಲೆಯಲ್ಲಿ ಕೂರುತ್ತಿದ್ದರು. ನಾನು ನನ್ನ ಹಳೆಯ ಶಾಲೆಯ ಪುಸ್ತಕ ಹಿಡಿದು ಅತ್ತಿಂದಿತ್ತ ನಡೆಯುತ್ತ ಲೆಕ್ಕಗಳನ್ನು ಬಾಯಲ್ಲಿ ಹೇಳುತ್ತಿದ್ದೆ, ಅವರು ಬರೆದುಕೊಂಡು ಮಾಡುತ್ತಿದ್ದರು. ಹೀಗೆ ನಡೆಯುವುದರಲ್ಲಿ ನನ್ನದೂ ಒಂದು ಸ್ವಾರ್ಥವಿತ್ತು. ಹೊಸಪೇಟೆಯ ಸ್ಪರ್ಧೆ ಹತ್ತಿರದಲ್ಲಿತ್ತು. ಸಭೆಯನ್ನು ನೋಡುತ್ತ, ಕೈ ಎತ್ತಿ, ದನಿ ಏರಿಸಿ ಇಳಿಸಿ ಮಾತಾಡುವ ಅಭ್ಯಾಸವೂ ಆಗುತ್ತಿತ್ತು. ಕೇಳುವವಳೊಬ್ಬಳಿದ್ದಳು, ಅವಳ ಕೈಯಲ್ಲಿ ಪೆನ್ನಿತ್ತು. ನನಗೆ ಅಷ್ಟು ಸಾಕಾಗಿತ್ತು.

ಮಗ್ಗಿ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಹತ್ತೊಂಬತ್ತರ ಮಗ್ಗಿಯಲ್ಲಿ ನಾನು ತಡವರಿಸಿದರೆ ಅವರು ರೊಟ್ಟಿ ಬಡಿಯುವ ತಾಳದಲ್ಲಿ ಹೇಳಿ ಮುಗಿಸುತ್ತಿದ್ದರು. ಭಿನ್ನರಾಶಿಗೆ ಬಂದಾಗ ಮಾತ್ರ ಒಂದು ವಿಚಿತ್ರ ಕಂಡಿತು. ಅರ್ಧ ಇದ್ದ ಲೆಕ್ಕಗಳೆಲ್ಲ ಸರಿ. ಕಾಲು ಇದ್ದ ಲೆಕ್ಕಗಳೆಲ್ಲ ತಪ್ಪು. ನಾನು ಪುಸ್ತಕದ ಹಿಂದಿನ ಉತ್ತರ ನೋಡಿ, ಕೆಂಪು ಪೆನ್ನಿನಿಂದ ಗೀಟು ಎಳೆದು, “ಮತ್ತ ಮಾಡ್ರಿ” ಅನ್ನುತ್ತಿದ್ದೆ. ಅವರು ಮತ್ತೆ ಮಾಡುತ್ತಿದ್ದರು. ಮತ್ತೆ ಅದೇ ಉತ್ತರ.

ಮೂರನೆಯ ದಿನ ಉತ್ತರ ಬಿಟ್ಟು ಅವರು ಬರೆದುಕೊಂಡ ಪ್ರಶ್ನೆಯನ್ನು ನೋಡಿದೆ.

“ಪ್ರಶ್ನೆನೇ ತಪ್ಪು ಬರ್ಕೊಂಡೀರಲ್ರಿ ಅತ್ತಿಗಿ. ನಾ ಹೇಳಿದ್ದು ಮೂರು ಕಾಲು. ನೀವು ಬರದಿದ್ದು ಮುಕ್ಕಾಲು.”

“ಮೂರು ಕಾಲು ಕೂಡಿದ್ರ ಮುಕ್ಕಾಲ ಅಲ್ಲೇನು?”

“ಮೂರು ಬ್ಯಾರೆ, ಕಾಲು ಬ್ಯಾರೆ. ಮೂರು ಇಡೀವು, ಅದರ ಮ್ಯಾಲ ಒಂದು ಕಾಲು.”

“ಹಂಗಾರ ಹಂಗ ಹೇಳಬೇಕಲ್ಲ.”

“ನಾ ಹಂಗ ಹೇಳಿದ್ದು.”

“ನೀ ಹಂಗ ಹೇಳಲಿಲ್ಲ.”

“ಪುರಾವೆ ಏನೈತಿ?”

ಬಾಯಿಂದ ಬಿದ್ದ ಮಾತಿಗೆ ಪುರಾವೆ ಎಲ್ಲಿಂದ ಬರಬೇಕು. ಅತ್ತಿಗೆ ನನ್ನ ಮುಖ ನೋಡಿದರು, ನೋಟ್‌ಬುಕ್ ನೋಡಿದರು, ನಕ್ಕರು. “ಆತು, ನಿಂದ ಗೆಲುವು. ಮುಂದಿಂದು ಹೇಳು.”

ಎದುರಾಳಿಯ ಮಾತನ್ನು ಅದರ ಅತ್ಯಂತ ಗಟ್ಟಿಯಾದ ರೂಪದಲ್ಲಿ ಕೇಳಿಸಿಕೊಳ್ಳಬೇಕು, ಆಮೇಲೆ ಉತ್ತರ ಕೊಡಬೇಕು ಎಂಬುದು ಚರ್ಚೆಯಲ್ಲಿ ನಮಗೆ ಕಲಿಸುವ ಮೊದಲ ಪಾಠ. ವೇದಿಕೆಯ ಮೇಲೆ ನಾನು ಅದನ್ನು ಮರೆತದ್ದಿಲ್ಲ. ಪಡಸಾಲೆಯಲ್ಲಿ ನೆನಪಾಗಲಿಲ್ಲ. ಅಲ್ಲಿ ಎದುರಾಳಿ ಇದ್ದಾರೆಂದೇ ನನಗೆ ಅನ್ನಿಸಿರಲಿಲ್ಲ.

ಅದಾದ ಮೇಲೆ ಅತ್ತಿಗೆಗೆ ಗೊತ್ತಿದ್ದದ್ದೂ ಅಲುಗಾಡತೊಡಗಿತು. ಒಂದು ಬೆಳಿಗ್ಗೆ ಅವ್ವ ಒಳಗಿನಿಂದ, “ಮುಕ್ಕಾಲು ಸೇರು ಅಕ್ಕಿ ಹಾಕವಾ” ಎಂದಳು. ಅತ್ತಿಗೆ ಸೇರು ಕೈಯಲ್ಲಿ ಹಿಡಿದು ಡಬ್ಬದ ಮುಂದೆ ನಿಂತೇ ಇದ್ದರು.

“ಅತ್ತಿ, ಮುಕ್ಕಾಲು ಅಂದ್ರ ಮೂರರ ಮ್ಯಾಲ ಕಾಲೋ, ಬರೇ ಮೂರು ಕಾಲೋ?”

“ಯಾಕ, ಓದಿ ಓದಿ ಇದ್ದದ್ದೂ ಹೋತೇನು?” ಎಂದಳು ಅವ್ವ.

ನಾನು ಜೋರಾಗಿ ನಕ್ಕೆ. ಅತ್ತಿಗೆಯೂ ನಕ್ಕರು, ಆದರೆ ಕೈ ಡಬ್ಬಕ್ಕೆ ಇಳಿಯಲಿಲ್ಲ. ಅವ್ವನೇ ಬಂದು ಅಳೆದು ಹಾಕಿದಳು. ಆರು ವರ್ಷದಿಂದ ದಿನಾ ಅಳೆಯುತ್ತಿದ್ದ ಕೈ ಅದು. ನನಗೆ ಆ ಹೊತ್ತಿನಲ್ಲಿ ಬಂದ ಯೋಚನೆ ಏನೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಇದು ಚರ್ಚೆಗೆ ಚೆನ್ನಾಗಿ ಒದಗುತ್ತದೆ ಅಂದುಕೊಂಡೆ.

ಯಾಕೆಂದರೆ ಹೊಸಪೇಟೆಯ ಸ್ಪರ್ಧೆಯ ವಿಷಯ ‘ಹತ್ತನೇ ತರಗತಿಗೆ ಗಣಿತ ಕಡ್ಡಾಯವಾಗಿರಬಾರದು’ ಎಂಬುದಾಗಿತ್ತು. ನಾನು ಪರ. ಗಣಿತ ಎಂಬ ಒಂದೇ ಗೋಡೆಗೆ ಬಡಿದು ಹಳ್ಳಿಯ ಹೆಣ್ಣುಮಕ್ಕಳ ಓದು ನಿಂತುಹೋಗುತ್ತದೆ ಎಂಬುದು ನನ್ನ ವಾದ. ವಾದ ಕೆಟ್ಟದ್ದಲ್ಲ, ಅದರ ಅರ್ಧವನ್ನು ಇಂದಿಗೂ ನಂಬುತ್ತೇನೆ. ಆದರೆ ಸಭೆ ತೂಕಡಿಸುತ್ತಿತ್ತು. ನನಗಿಂತ ಮೊದಲು ಮಾತಾಡಿದವನು ವಿರೋಧ ಪಕ್ಷದವನು, ಚೆನ್ನಾಗಿ ಮಾತಾಡಿದ್ದ. ನನಗೆ ಒಂದು ನಗೆ ಬೇಕಿತ್ತು.

“ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ” ಎಂದು ಶುರು ಮಾಡಿದೆ. “ಎರಡೂವರೆ ಬರೆಯಿರಿ ಅಂದರೆ ಬರೆಯುತ್ತಾರೆ. ಮೂರು ಕಾಲು ಬರೆಯಿರಿ ಅಂದರೆ ಮುಕ್ಕಾಲು ಬರೆಯುತ್ತಾರೆ. ಅವರು ಎಮ್ಮೆ ಕಟ್ಟಿದ ಮನೆಯಿಂದ ಬಂದವರು. ಕಾಲು ಅಂದರೆ, ಪಾಪ, ಅವರಿಗೆ ಎಮ್ಮೆಯ ಕಾಲು ಮಾತ್ರ ಗೊತ್ತು. ಅಂಥವರ ತಲೆಯ ಮೇಲೆ ಭಿನ್ನರಾಶಿಯ ಮೂಟೆಯನ್ನು ಯಾಕೆ ಹೊರಿಸುತ್ತೀರಿ?”

ಸಭೆ ಎದ್ದು ಕೂತಿತು. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರೊಬ್ಬರು ತೊಡೆ ತಟ್ಟಿಕೊಂಡು ನಕ್ಕರು. ತೀರ್ಪುಗಾರರು ಕಪ್ ಕೊಡುವಾಗ ನನ್ನ ವಿಷಯ ಮಂಡನೆಯನ್ನು ಹೊಗಳಿದರು, ಮುಖ್ಯವಾಗಿ ಸ್ಪಷ್ಟ ಉಚ್ಚಾರಣೆಯನ್ನು.

ಗೆಳತಿ ತೆಗೆದ ವಿಡಿಯೋವನ್ನು ಬಸ್ಸಿನಲ್ಲೇ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ಅತ್ತಿಗೆ ಇದ್ದರು, ಮೆಟ್ರಿಯ ಅವರ ಅಣ್ಣಂದಿರೂ ಇದ್ದರು. ಮರೆತು ಹಾಕಿದೆ ಅಂದರೆ ಸುಳ್ಳಾಗುತ್ತದೆ. ಅತ್ತಿಗೆ ನಗುತ್ತಾರೆ ಅಂದುಕೊಂಡಿದ್ದೆ. ಕಂಪ್ಲಿ ಬರುವಷ್ಟರಲ್ಲಿ ಚಪ್ಪಾಳೆ, ಹೂವು, ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಮುಖಗಳು ಸಾಲುಗಟ್ಟಿದ್ದವು. ಅತ್ತಿಗೆಯ ದೊಡ್ಡಣ್ಣ ಒಂದು ಎಮ್ಮೆಯ ಚಿತ್ರ ಹಾಕಿದ್ದ.

ಮನೆಗೆ ಬಂದಾಗ ಅತ್ತಿಗೆ ಕಪ್ ತೆಗೆದುಕೊಂಡು, ಸೀರೆಯ ಸೆರಗಿನಿಂದ ಒರೆಸಿ, ಟೀವಿಯ ಪಕ್ಕ ಇಟ್ಟರು. “ಎತ್ತರ ಐತಿ” ಎಂದರು. ಅಷ್ಟೇ.

ಮರುದಿನ ಮಧ್ಯಾಹ್ನ ನೋಟ್‌ಬುಕ್ ಹಿಡಿದು ಬರಲಿಲ್ಲ. ಕೆಲಸ ಐತಿ ಅಂದರು. ಅದರ ಮರುದಿನವೂ ಕೆಲಸ. ಮೂರನೆಯ ದಿನ ನಾನೇ ಅವರ ಕೋಣೆಗೆ ಹೋದೆ. ಒಣಗಿದ ಬಟ್ಟೆ ಮಡಚುತ್ತಿದ್ದರು.

“ಪರೀಕ್ಷೆಗೆ ಒಂಬತ್ತ ದಿನ ಉಳದಾವ್ರಿ ಅತ್ತಿಗಿ. ಹಿಂಗ ಬಿಟ್ರ ಹೆಂಗ?” ಎಂದೆ. ದನಿಯಲ್ಲಿ ಇನ್ನೂ ಮೇಷ್ಟ್ರ ಗತ್ತು ಇತ್ತು.

ಅವರು ಮಡಚಿದ ಅಂಗಿಯನ್ನು ಪಕ್ಕಕ್ಕಿಟ್ಟು ಫೋನ್ ಕೈಗೆ ತಗೊಂಡರು. “ಕುಂದ್ರು. ಅವತ್ತ ಪುರಾವೆ ಕೇಳಿದ್ದಿಯಲ್ಲ? ತಗೋ.”

ವಿಡಿಯೋ ಹಚ್ಚಿದರು. ನನ್ನ ದನಿ ಕೋಣೆ ತುಂಬಿತು. ‘ಎರಡೂವರೆ’ ಬಂದ ಕೂಡಲೇ ನಿಲ್ಲಿಸಿದರು. “ಏನಂದಿ ಇಲ್ಲಿ?”

“ಎರಡೂವರೆ.”

“ಊ ಐತಿ ಹೌದಿಲ್ಲೋ? ಈಗ ಕೇಳು.”

‘ಮೂರು ಕಾಲು ಬರೆಯಿರಿ ಅಂದರೆ…’ ನಿಲ್ಲಿಸಿದರು. ಹಿಂದಕ್ಕೆ ಎಳೆದರು, ಮತ್ತೆ ಹಚ್ಚಿದರು. ಮೂರು ಸಲ ಕೇಳಿಸಿದರು.

“ಇದರಾಗ ಊ ಎಲ್ಲೈತಿ?”

ಇರಲಿಲ್ಲ. ಮೂರು, ಕಾಲು. ಗಿಡ್ಡಕ್ಕೆ ಕತ್ತರಿಸಿದ ಎರಡು ಮಾತು.

“ಮೂರೂಕಾಲು ಅಂದ್ರ ಮೂರರ ಮ್ಯಾಲ ಕಾಲು” ಎಂದರು ಅತ್ತಿಗೆ, ಊಕಾರವನ್ನು ಹಗ್ಗದಂತೆ ಎಳೆದು. “ಮೂರು ಕಾಲು ಅಂದ್ರ ಮುಕ್ಕಾಲು. ಎಮ್ಮಿ ಕಾಯೋ ಮಂದಿನೂ ಹಂಗ ಅಂತಾರ. ನೀ ಏನಂದಿ ಅದನ್ನ ನಾ ಬರದೀನಿ.”

ನನಗೆ ತಕ್ಷಣ ಹೊಳೆಯಿತು, ಹೊಳೆಯಬಾರದಿತ್ತು ಅನ್ನಿಸುವಷ್ಟು ಸ್ಪಷ್ಟವಾಗಿ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ವೇದಿಕೆಯ ಕನ್ನಡ ನನಗೆ ಎಷ್ಟು ಬೇಕಾದರೂ ಬರುತ್ತದೆ. ಲೆಕ್ಕದ ಕನ್ನಡ ನನ್ನ ಬಾಯಿಗೆ ಬಂದೇ ಇರಲಿಲ್ಲ. ಶಾಲೆಯಲ್ಲಿ ‘ತ್ರೀ ಒನ್ ಬೈ ಫೋರ್’ ಅನ್ನುತ್ತಿದ್ದೆವು. ಪುಸ್ತಕದಲ್ಲಿ ಮೂರು ಕಾಣುತ್ತಿತ್ತು, ಪಕ್ಕದಲ್ಲಿ ಕಾಲು ಕಾಣುತ್ತಿತ್ತು. ಕಂಡದ್ದನ್ನು ಕಂಡ ಹಾಗೆ ಓದಿ ಹೇಳುತ್ತಿದ್ದೆ. ಎರಡೂವರೆ, ಮೂರೂವರೆ ಎಲ್ಲರ ಬಾಯಲ್ಲೂ ಇರುವ ಮಾತಾದ್ದರಿಂದ ಅವು ಮಾತ್ರ ಸರಿಯಾಗಿ ಬರುತ್ತಿದ್ದವು. ಕನ್ನಡದಲ್ಲಿ ಆ ಎರಡನ್ನು ಕೂಡಿಸುವ ಚಿಹ್ನೆ ಆ ಊ ಎಂಬುದು, ಅದನ್ನು ನುಂಗಿದರೆ ಲೆಕ್ಕವೇ ಬೇರೆಯಾಗುತ್ತದೆ ಎಂಬುದು, ಐದು ಕಪ್ ಗೆದ್ದ ನನಗೆ ಗೊತ್ತಿರಲಿಲ್ಲ.

ನೋಟ್‌ಬುಕ್ ಕೇಳಿ ತಗೊಂಡೆ. ನಾನು ‘ಐದು ಕಾಲಿನಲ್ಲಿ ಎರಡು ಕಾಲು ಕಳೆಯಿರಿ’ ಅಂದಿದ್ದೆ. ಅವರು ನಾಲ್ಕನೇ ಐದು ಬರೆದು, ನಾಲ್ಕನೇ ಎರಡು ಕಳೆದು, ಮುಕ್ಕಾಲು ಎಂದು ಬರೆದಿದ್ದರು. ಪುಸ್ತಕದ ಉತ್ತರ ಮೂರು. ಅದರ ಮೇಲೆ ನನ್ನ ಕೆಂಪು ಗೀಟು. ನಾನು ಹೇಳಿದ ಲೆಕ್ಕಕ್ಕೆ ಅವರ ಉತ್ತರ ಸರಿ. ಕೆಳಗಿನದೂ ಸರಿ. ಪುಟ ತಿರುವಿದೆ. ಒಂದೊಂದು ಕೆಂಪು ಗೀಟಿನ ಕೆಳಗೂ ಒಂದೊಂದು ಸರಿಯುತ್ತರ ಇತ್ತು. ಎರಡು ಕಡೆ ಅವರು ಅದೇ ಸರಿಯುತ್ತರವನ್ನು ಮೂರು ಮೂರು ಸಲ ಮಾಡಿದ್ದರು, ನಾನು ಮೂರು ಮೂರು ಸಲ ಹೊಡೆದುಹಾಕಿದ್ದೆ. ಆಮೇಲಿನ ಪುಟಗಳಲ್ಲಿ ಅವರ ಅಕ್ಷರ ಸಣ್ಣದಾಗುತ್ತ ಹೋಗಿತ್ತು. ಪೆನ್ನಿನಿಂದ ಬರೆಯುವುದು ಬಿಟ್ಟು ಪೆನ್ಸಿಲ್ ಹಿಡಿದಿದ್ದರು.

“ಉಚ್ಚಾರ ತಪ್ಪಿತ್ರಿ ಅತ್ತಿಗಿ, ನನ್ನ ಉದ್ದೇಶ…” ಎಂದು ಶುರು ಮಾಡಿದೆ.

“ಊ ತಪ್ಪಿದ್ದು ಬಿಡು. ಬಾಯಿ ತಪ್ಪತೈತಿ, ಯಾರದರ ತಪ್ಪತೈತಿ” ಎಂದರು. “ಎಮ್ಮಿ ಮಾತು ಬಾಯಿ ತಪ್ಪಿ ಬಂದಿದ್ದಲ್ಲ.”

ಅವರು ಎರಡು ಸೀರೆ, ಅಣ್ಣನ ನಾಲ್ಕು ಅಂಗಿ ಮಡಚಿದರು. ಅಣ್ಣನ ಕಾರ್ಖಾನೆಯ ಅಂಗಿಯ ಮಡಿಕೆಯಲ್ಲಿ ಎಷ್ಟು ಒಗೆದರೂ ಹೋಗದ ಕೆಂಪು ಅದಿರಿನ ಗೆರೆ ಇರುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತಿದ್ದೆ.

“ತಪ್ಪಾತು” ಎಂದೆ ಕೊನೆಗೆ.

“ಆತಲ್ಲ” ಎಂದರು ಅವರು. “ನಿನ್ನ ಮ್ಯಾಲ ಸಿಟ್ಟು ಆಮ್ಯಾಲ ಮಾಡ್ತೀನಿ, ಈಗ ಟೈಮ್ ಇಲ್ಲ. ಒಂಬತ್ತ ದಿನ ಅದಾವು. ಲೆಕ್ಕ ಬರದು ಕೊಡು. ಬಾಯಿಲೆ ಹೇಳಬ್ಯಾಡ.”

ಒಂಬತ್ತು ದಿನ ಹಾಗೇ ನಡೆಯಿತು. ನಾನು ಬೆಳಿಗ್ಗೆ ಎದ್ದು ಚೀಟಿಗಳಲ್ಲಿ ಲೆಕ್ಕ ಬರೆಯುತ್ತಿದ್ದೆ. ಅವರು ಮಾಡುತ್ತಿದ್ದರು. ತಪ್ಪಿದ್ದಲ್ಲಿ ಬೆರಳಿಡುತ್ತಿದ್ದೆ, ಅವರು ಅಳಿಸಿ ಬರೆಯುತ್ತಿದ್ದರು. ಗೊತ್ತಾಗದಿದ್ದರೆ ಅವರೇ ಕೇಳುತ್ತಿದ್ದರು. ನಾನು ಹಾಳೆಯ ಮೇಲೆ ಬಿಡಿಸಿ ತೋರಿಸುತ್ತಿದ್ದೆ. ಪಡಸಾಲೆಯಲ್ಲಿ ನನ್ನ ದನಿ ಇಲ್ಲದ್ದನ್ನು ಕಂಡು ಅವ್ವ, “ಇಬ್ರೂ ಮೌನವ್ರತ ಹಿಡದೀರೇನು?” ಎಂದಳು. ಬಾಯಿ ಮುಚ್ಚಿದ ಮೇಲೆ ಕಂಡಿತು: ಅವರಿಗೆ ತೊಡಕಿದ್ದದ್ದು ಭಿನ್ನರಾಶಿಯಲ್ಲಿ ಅಲ್ಲವೇ ಅಲ್ಲ, ಋಣ ಸಂಖ್ಯೆಗಳಲ್ಲಿ. ಮೈನಸ್ಸಿನಿಂದ ಮೈನಸ್ ಕಳೆಯುವಾಗ ಪೆನ್ಸಿಲ್ ನಿಲ್ಲುತ್ತಿತ್ತು. ನಾನು ವಾರಗಟ್ಟಲೆ ಇಲ್ಲದ ಗಾಯಕ್ಕೆ ಪಟ್ಟಿ ಕಟ್ಟಿದ್ದೆ, ಇದ್ದದ್ದನ್ನು ನೋಡಿರಲಿಲ್ಲ.

ಪರೀಕ್ಷೆಯ ದಿನ ಅವ್ವ ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಫೋಟೋದ ಮೇಲೆ ಹಚ್ಚಬೇಡ ಅಂದೆ, ಬೇರೇನೂ ಅನ್ನಲಿಲ್ಲ. ಅತ್ತಿಗೆ ಕಂಪ್ಲಿಯಲ್ಲಿ ಓಣಿಯ ಹುಡುಗರ ಜೊತೆ ಕೂತು ಬರೆಯಲು ಒಲ್ಲದೆ ಹೊಸಪೇಟೆಯ ಕೇಂದ್ರ ಹಾಕಿಸಿಕೊಂಡಿದ್ದರು. ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಕಮಲಾಪುರದಲ್ಲಿ ಹಂಪಿ ನೋಡಲು ಬಂದವರು ಇಳಿದು ಬಸ್ಸು ಅರ್ಧ ಖಾಲಿಯಾಯಿತು. ಬಂಡೆಗುಡ್ಡಗಳು ಹಿಂದೆ ಸರಿಯುತ್ತಿದ್ದವು. ಅತ್ತಿಗೆ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದರು. ಮೈನಸ್, ಮೈನಸ್, ಪ್ಲಸ್. ನಾನು ಆ ಕಡೆ ನೋಡದ ಹಾಗೆ ಕೂತಿದ್ದೆ.

ಮೂರು ಗಂಟೆಗೂ ಹೆಚ್ಚು ಹೊತ್ತು ಶಾಲೆಯ ಗೇಟಿನ ಹೊರಗೆ ನಿಂತೆ. ಹೊರಗೆ ಬಂದಾಗ ಹೇಗಾಯಿತೆಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು: “ಒಂದ್ಕಡೆ ಕಾಲು ಬಂದಿತ್ತು. ಅಚ್ಚು ಹಾಕಿದ್ರು, ಪುಣ್ಯಕ್ಕ ಯಾರೂ ಓದಿ ಹೇಳಲಿಲ್ಲ.”

ನಲವತ್ತೊಂದು ಬಂತು. ಪಾಸು.

ಅಣ್ಣ ಗುಂಪಿನಲ್ಲಿ ಸುದ್ದಿ ಹಾಕಿದ. ಮೆಟ್ರಿಯಿಂದ ಮೊದಲು ಬಂದ ಉತ್ತರ ದೊಡ್ಡಣ್ಣನದು: ‘ಎಮ್ಮಿಕಾಲು ಪಾಸಾತಪ್ಪೋ’. ಆಗ ಗೊತ್ತಾಯಿತು. ಈ ನಡುವೆ ತವರಿನಲ್ಲಿ ಅದು ಅತ್ತಿಗೆಯ ಹೆಸರಾಗಿಬಿಟ್ಟಿತ್ತು. ಫೋನ್ ಮಾಡಿದರೆ ಚಿಕ್ಕ ಮಕ್ಕಳೂ ‘ಎಮ್ಮಿಕಾಲು ಅತ್ತಿ’ ಅನ್ನುತ್ತಿದ್ದರಂತೆ. ಅವರು ನನ್ನ ಮುಂದೆ ಒಮ್ಮೆಯೂ ಹೇಳಿರಲಿಲ್ಲ.

ನಾನು ಉದ್ದಕ್ಕೆ ಬರೆದೆ. ಮೂರೂಕಾಲು ಅನ್ನಲು ಬಾರದೆ ಮೂರು ಕಾಲು ಅಂದವಳು ನಾನು, ಅತ್ತಿಗೆ ಬರೆದ ಒಂದೊಂದು ಉತ್ತರವೂ ಸರಿಯಿತ್ತು, ವೇದಿಕೆಯಲ್ಲಿ ನಾನು ಹೇಳಿದ್ದು ಸುಳ್ಳು, ಎಮ್ಮೆಯ ಮಾತು ಕೀಳಾದ ಮಾತು. ನೋಟ್‌ಬುಕ್ಕಿನ ಫೋಟೋ ಕೂಡ ಹಾಕಿದೆ. ಎರಡು ಹೆಬ್ಬೆರಳು ಬಂದವು. ಸ್ವಲ್ಪ ಹೊತ್ತಿಗೆ ಯಾರೋ ಶುಭೋದಯದ ಗುಲಾಬಿ ಹಾಕಿದರು, ನಾನು ಬರೆದದ್ದು ಮೇಲಕ್ಕೆ ಸರಿದುಹೋಯಿತು. ವಿಡಿಯೋಗೆ ಬಂದಿದ್ದ ಉತ್ತರಗಳನ್ನು ನಾನು ಎಣಿಸಿದ್ದೆ. ಇಲ್ಲಿ ಎಣಿಸಲು ಏನೂ ಇರಲಿಲ್ಲ.

ಕಪ್ಪನ್ನು ಅಟ್ಟಕ್ಕೆ ಹಾಕಿದೆ. ಕುರೆಕುಪ್ಪಕ್ಕೆ ಹೊರಡುವ ಹಿಂದಿನ ದಿನ ಅತ್ತಿಗೆ ಪಾತ್ರೆ ತೆಗೆಯಲು ಅಟ್ಟ ಹತ್ತಿದವರು ಅದನ್ನೂ ಇಳಿಸಿ ತಂದರು. ಬೇಡ ಅಂದೆ. “ಇರಲಿ ಬಿಡು. ಐದು ಅದಾವು ಅಂತ ಎಲ್ಲರಿಗೂ ಗೊತ್ತೈತಿ. ನಾಲ್ಕ ಇದ್ರ ಯಾಕ ಅಂತ ಕೇಳ್ತಾರ, ಮತ್ತ ನೀ ಅದನ್ನ ಹೇಳಬೇಕಾಗತೈತಿ” ಎಂದು ಟೀವಿಯ ಪಕ್ಕ ಇಟ್ಟರು. ಈಗ ಶುಕ್ರವಾರ ಅದನ್ನು ಒರೆಸುವವಳು ನಾನು.

ಹೋದ ತಿಂಗಳು ಸಂಡೂರಿಗೆ ಹೋಗಿದ್ದೆ. ಅವರ ತರಬೇತಿ ಬೇಗ ಬಿಟ್ಟಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತ ಕೂತಿದ್ದೆವು. ಬಿಳಿ ಕೋಟು ಮಡಚಿ ಚೀಲಕ್ಕೆ ಹಾಕಿಕೊಂಡಿದ್ದರು. ಔಷಧಿಯ ಅಳತೆ ಕಲಿಸುವಾಗ ಉಳಿದವರು ಇವರನ್ನೇ ಕೇಳುತ್ತಾರಂತೆ. ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ.

“ಸಿಟ್ಟು ಆಮ್ಯಾಲ ಮಾಡ್ತೀನಿ ಅಂದಿದ್ರಲ್ರಿ.”

“ಹೂಂ. ಇನ್ನೂ ಟೈಮ್ ಸಿಕ್ಕಿಲ್ಲ” ಎಂದರು, ಮಿರ್ಚಿಯ ತೊಟ್ಟು ಕಾಗದಕ್ಕೆ ಸುತ್ತುತ್ತ. “ಕುರೆಕುಪ್ಪದ ಬಸ್ ಎಷ್ಟಕ್ಕೈತಿ, ಕೇಳಿ ಬಾ.”

ಕೇಳಿ ಬಂದೆ. ಫೋನಿನಲ್ಲಿ ‘3:15’ ಎಂದು ಒತ್ತಿ, ಪರದೆಯನ್ನು ಅವರ ಕಡೆ ತಿರುಗಿಸಿದೆ. ಅಂಕಿಗಳನ್ನು ಹೇಳದೆ ಬರೆದು ತೋರಿಸುವ ಆ ಅಭ್ಯಾಸ ನನಗೆ ಉಳಿದುಬಿಟ್ಟಿದೆ.

ಅತ್ತಿಗೆ ಪರದೆ ನೋಡಲಿಲ್ಲ. ನನ್ನ ಮುಖ ನೋಡಿದರು.

“ಬಾಯಿಲೆ ಹೇಳು.”

“ಮೂರೂಕಾಲಿಗೆ” ಎಂದೆ. ಊಕಾರವನ್ನು ಬೇಕಾದ್ದಕ್ಕಿಂತ ಹೆಚ್ಚೇ ಎಳೆದೆನೇನೋ, ಪಕ್ಕದ ಬೆಂಚಿನ ಹೆಂಗಸು ತಿರುಗಿ ನೋಡಿದಳು.

“ಇನ್ನೊಮ್ಮೆ” ಎಂದರು ಅತ್ತಿಗೆ.